ಮೈಸೂರು ಬಾನಿ ಅಂತ ಕಿವಿಗೆ ಗೊತ್ತಾಗೋದು ಹೇಗೆ?

ಗಾಯನ ಸಮಾಜದಲ್ಲೋ ಚೌಡಯ್ಯ ಹಾಲ್‌ನಲ್ಲೋ ವೀಣೆ ಕಛೇರಿ ಮುಗಿದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಇವರದು ಮೈಸೂರು ಬಾನಿ ಅಂದ್ರಲ್ಲ, ಅದು ನಮಗೆ ಗೊತ್ತಾಗೋದು ಹೇಗೆ?"

ಬಾನಿ ಅಂದರೆ ನುಡಿಸುವ ಶೈಲಿ. ಮೊದಲು ಮರದ ಮಾತು ಬಿಡಿ. ಬೀಟೆಯಾದರೆ ಮೈಸೂರು, ಹಲಸಾದರೆ ತಂಜಾವೂರು ಅಂತ ಹೇಳುವವರಿದ್ದಾರೆ. ನಮ್ಮ ದೊಡ್ಡಬಳ್ಳಾಪುರದ ಕಡೆಯ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲೇ ವೀಣೆ ಮಾಡುತ್ತಾರೆ, ಅದರ ಮೇಲೆ ಯಾವ ಬಾನಿ ಬೇಕಾದರೂ ನುಡಿಯುತ್ತದೆ. ಬಾನಿ ಇರುವುದು ಬೆರಳಲ್ಲಿ.

ಎಡಗೈ ನೋಡಿ. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು. ಪಂಚಮದ ಮೆಟ್ಟಿಲಲ್ಲೇ ಬೆರಳು ನಿಲ್ಲಿಸಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಧೈವತವೂ ಬರುತ್ತದೆ, ಇನ್ನೂ ಎಳೆದರೆ ನಿಷಾದವೂ. ಗಾಯಕಿ ಶೈಲಿಯವರು ಇದನ್ನೇ ನೆಚ್ಚುತ್ತಾರೆ, ದನಿ ಹಾಡಿದ ಹಾಗೆ ಬಾಗುತ್ತದೆ. ಮೈಸೂರಿನವರು ಅಷ್ಟು ಎಳೆಯುವುದಿಲ್ಲ. ಬೆರಳು ಮೆಟ್ಟಿಲಿಂದ ಮೆಟ್ಟಿಲಿಗೆ ಓಡುತ್ತದೆ. ತೋರುಬೆರಳು, ನಡುಬೆರಳು ಎರಡೂ ಅಂಟಿಕೊಂಡಿರದೆ ಬೇರೆಬೇರೆ ಕೆಲಸ ಮಾಡುತ್ತವೆ. ಹಾಗಾಗಿ ವೇಗದಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ, ತೊಳೆದಿಟ್ಟ ಅಕ್ಕಿಕಾಳಿನ ಹಾಗೆ ಕೇಳಿಸುತ್ತದೆ. ಬಲಗೈ ಬೆರಳಿಗೆ ಮಿಜರಾಬು (ಮೀಟಲು ಹಾಕುವ ತಂತಿಯ ಉಂಗುರ) ಹಾಕದೆ ಉಗುರಿನಿಂದಲೇ ಮೀಟುವ ರೂಢಿಯೂ ಇಲ್ಲಿದೆ. ಅದರ ನಾದ ಮೆತ್ತಗೆ, ಲೋಹದ ಕಿರಿಕಿರಿ ಕಡಿಮೆ.

ಎಳೆತಕ್ಕೆ ಬೆಲೆ ತೆರಬೇಕಾಗುತ್ತದೆ. ಕೂದಲೆಳೆಯಷ್ಟು ಕಡಿಮೆ ಎಳೆದರೂ ಅಪಸ್ವರ. ತಂತಿ ಬಿಗಿಯುವ ಬಿರಡೆ ಸಡಿಲವಿದ್ದರೆ ಸಾರಣಿಯ, ಅಂದರೆ ಮುಖ್ಯ ತಂತಿಯ, ಶ್ರುತಿಯೂ ಇಳಿಯುತ್ತದೆ. ಮೈಕಿಲ್ಲದ ಕಾಲದಲ್ಲಿ ಎಳೆದ ಸ್ವರ ಹಿಂದಿನ ಸಾಲು ಮುಟ್ಟುವ ಮೊದಲೇ ಸತ್ತುಹೋಗುತ್ತಿತ್ತು. ಮೀಟು ನೆಚ್ಚಿದ ಬಾನಿಗೆ ಅರಮನೆಯ ದರ್ಬಾರು ಒಗ್ಗಿದ್ದರಲ್ಲಿ ಇದರ ಪಾಲೂ ಇರಬೇಕು ಅಂತ ನನ್ನ ಲೆಕ್ಕ.

ಇನ್ನು ಹೆಸರುಗಳು. ವೀಣೆ ಶೇಷಣ್ಣ (1852–1926), ಅವರ ಶಿಷ್ಯ ವೆಂಕಟಗಿರಿಯಪ್ಪ, ಅವರ ಶಿಷ್ಯ ದೊರೆಸ್ವಾಮಿ ಅಯ್ಯಂಗಾರ್ (1920–1997). ಮೂರೇ ತಲೆಮಾರಿನಲ್ಲಿ ಈ ದಾರಿ ಅರಮನೆಯಿಂದ ಬೆಂಗಳೂರು ಆಕಾಶವಾಣಿಗೆ ಬಂತು. ವೆಂಕಟಗಿರಿಯಪ್ಪನವರು ನಗ್ಮಾ ಅನ್ನುವ, ಸಾಹಿತ್ಯದ ಹಂಗಿಲ್ಲದ ರಚನೆಗಳನ್ನು ವಾದ್ಯಕ್ಕೆಂದೇ ಮಾಡಿದರು. ವೀಣೆ ಹಾಡನ್ನು ಅನುಕರಿಸಲೇಬೇಕಿಲ್ಲ ಅನ್ನುವ ಧೈರ್ಯ ಅದು.

ಕಿವಿಗೆ ಗುರುತು ಸಿಗಬೇಕಾದರೆ ಕೃತಿಯಿಂದ ಶುರುಮಾಡಬೇಡಿ. ಗೊತ್ತಿರುವ ಸಾಹಿತ್ಯ ಮನಸ್ಸಿನಲ್ಲಿ ಹಾಡಿಕೊಂಡು ಮೀಟು ಮುಚ್ಚಿಹೋಗುತ್ತದೆ. ದೊರೆಸ್ವಾಮಿ ಅಯ್ಯಂಗಾರ್ಯರ ತಾನ (ಸಾಹಿತ್ಯವಿಲ್ಲದೆ ಲಯಬದ್ಧವಾಗಿ ರಾಗ ಬೆಳೆಸುವುದು) ಹಾಕಿ. ಒಂದು ಉಸಿರಿಗೆ ಎಷ್ಟು ಮೀಟು ಅಂತ ಎಣಿಸಿ, ಪಕ್ಕದ 3 ತಾಳದ ತಂತಿ ಯಾವಾಗ ಬೀಳುತ್ತದೆ ಅಂತ ಗಮನಿಸಿ. ಫೋನಿನ ಸ್ಪೀಕರ್ ಬೇಡ, ಎಲ್ಲಕ್ಕಿಂತ ಕೆಳದನಿಯ ತಂತಿ ಅನುಮಂದ್ರ ಅದರಲ್ಲಿ ಕೇಳಿಸುವುದೇ ಇಲ್ಲ, ಇಯರ್‌ಫೋನ್ ಹಾಕಿಕೊಳ್ಳಿ. ಕಛೇರಿಗೆ ಹೋದರೆ ಕಲಾವಿದರ ಎಡಗೈ ಕಾಣುವ ಕಡೆ ಕೂರಿ. ಆ ಕುರ್ಚಿಗಳು ಬೇಗ ತುಂಬುತ್ತವೆ.