ಕೇದಾರಕಂಠದ ಹಿಮಕ್ಕೆ ಎಂಥ ಶೂ ಬೇಕು?

ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೊರಡುವವರು ಜಾಕೆಟ್ಟಿಗೆ ಕಣ್ಣು ಮುಚ್ಚಿ ದುಡ್ಡು ಸುರಿಯುತ್ತಾರೆ. ಶೂ ವಿಷಯ ಬಂದಾಗ ‘ಮನೆಯಲ್ಲಿ ಒಂದು ಜೊತೆ ಬಿದ್ದಿದೆಯಲ್ಲ’ ಎಂದುಬಿಡುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಜಾಕೆಟ್ ಬಾಡಿಗೆಗೆ ಸಿಗುತ್ತದೆ, ಗೆಳೆಯರಿಂದ ಎರವಲೂ ಸಿಗುತ್ತದೆ. ಶೂ ಮಾತ್ರ ನಿಮ್ಮದೇ ಆಗಿರಲಿ. ಹಾಗೆಂದು ಹದಿನೈದು ಸಾವಿರದ ವಿದೇಶಿ ಬೂಟು ಬೇಕಿಲ್ಲ. ನಾನು ಮೂರೂವರೆ ಸಾವಿರದ ಆಸುಪಾಸಿನ ಜೋಡಿಯಲ್ಲೇ ಶಿಖರ ಮುಟ್ಟಿ ಬಂದೆ.

ಶೂ ಆರಿಸುವ ಮೊದಲು ದಾರಿ ಹೇಗಿದೆ ಎಂದು ತಿಳಿದಿರಬೇಕು. ದೆಹರಾದೂನಿನಿಂದ ಮಸ್ಸೂರಿ, ಪುರೋಲಾ, ಮೋರಿ ದಾಟಿ, ಚಾರಣ ಶುರುವಾಗುವ ಸಾಂಕ್ರಿ ಹಳ್ಳಿ ತಲುಪಲು ಸುಮಾರು 200 ಕಿಲೋಮೀಟರ್. ಇಡೀ ಹಗಲು ಅದಕ್ಕೇ ಬೇಕು. ಸಾಂಕ್ರಿಯಿಂದ ಹೊರಟಾಗ ಕಾಲಡಿ ಇರುವುದು ಕೆಸರು, ಮರದ ಬೇರು, ಒದ್ದೆ ಎಲೆ. ಜೂಡಾ ಕಾ ತಾಲಾಬ್ ಎಂಬ ಕೆರೆ ಬರುವಷ್ಟರಲ್ಲಿ ಹಿಮ. 3,810 ಮೀಟರ್ ಎತ್ತರದ ಶಿಖರಕ್ಕೆ ಏರುವುದು ಬೆಳಕು ಹರಿಯುವ ಮೊದಲೇ. ಆ ಹೊತ್ತಿನಲ್ಲಿ ಹಿಮ ಕಲ್ಲಿನಂತೆ ಗಟ್ಟಿ. ಅದೇ ಹಿಮ ಮಧ್ಯಾಹ್ನ ಇಳಿಯುವಾಗ ಕರಗಿ, ಹೆಜ್ಜೆ ಹೆಜ್ಜೆಗೂ ನೀರು ಚಿಮ್ಮಿಸುತ್ತದೆ. ಒಂದೇ ಜೊತೆ ಶೂ ಇಷ್ಟನ್ನೂ ತಾಳಿಕೊಳ್ಳಬೇಕು.

ಕ್ರೀಡಾ ಸಾಮಗ್ರಿಗಳ ಮಳಿಗೆಗೆ ಹೋದರೆ ಈ ಬೆಲೆಗೆ ಎರಡು ಬಗೆ ಕಾಣುತ್ತವೆ. ಒಂದು, ಒಳಗೆಲ್ಲ ತುಪ್ಪಳದಂಥ ಪದರವಿರುವ ದಪ್ಪ ಹಿಮದ ಬೂಟು. ಇನ್ನೊಂದು, ಪಾದದ ಗಂಟು ಮುಚ್ಚುವ, ನೀರು ಒಳಗೆ ಬಿಡದ ಚಾರಣದ ಶೂ. ಎಲ್ಲರ ಕೈ ಮೊದಲನೆಯದಕ್ಕೇ ಹೋಗುತ್ತದೆ, ಏಕೆಂದರೆ ಅದರ ಮೇಲೆ ಮೈನಸ್ ಇಷ್ಟು ಡಿಗ್ರಿ ಎಂದು ಬರೆದಿರುತ್ತದೆ. ಆ ಅಂಕಿ ನಡೆಯುತ್ತಿರುವ ಕಾಲಿಗೆ ಅನ್ವಯಿಸುವಂಥದ್ದು. ಸೂರ್ಯೋದಯಕ್ಕಾಗಿ ಶಿಖರದಲ್ಲಿ ನಿಂತು ಕಾಯುವ ಕಾಲಿಗೆ ಅಲ್ಲ. ಅಗ್ಗದ ಹಿಮದ ಬೂಟುಗಳ ಅಡಿ ಮೆತ್ತಗಿರುವುದೂ ಉಂಟು. ಕಡಿದಾದ ಇಳಿಜಾರಿನಲ್ಲಿ ಪಾದ ಒಳಗೇ ಜಾರುತ್ತದೆ, ಹಿಮದಲ್ಲಿ ಜಾರದಂತೆ ಕೆಳಗೆ ಕಟ್ಟಿದ ಮುಳ್ಳಿನ ಸರಪಳಿಯೂ ಸರಿಯಾಗಿ ಕೂರುವುದಿಲ್ಲ. ಒಂದೇ ದುಡ್ಡಿಗೆ ಎರಡೂ ಸಿಗುವುದಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ, ಬೆಚ್ಚಗಿಡುವ ಕೆಲಸವನ್ನು ಕಾಲುಚೀಲಕ್ಕೆ ಬಿಡುತ್ತೇನೆ. ಮನಾಲಿ ದಾರಿಯಲ್ಲಿ ಬಾಡಿಗೆಗೆ ಕೊಡುವ ಗಮ್‌ಬೂಟು ಸೋಲಂಗ್‌ನಲ್ಲಿ ಫೋಟೋ ತೆಗೆಸಿಕೊಳ್ಳುವುದಕ್ಕೆ ಸಾಕು, ಇಲ್ಲಿಗೆ ಬೇಡ.

ಅಳತೆಯ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಸಂಜೆ ಹೊತ್ತು ಹೋಗಿ, ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಬೆಟ್ಟದಲ್ಲಿ ಹಾಕುವ ಕಾಲುಚೀಲಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅವನ್ನೇ ಹಾಕಿ ಶೂ ನೋಡಿ. ಲೇಸು ಬಿಗಿಯುವ ಮುನ್ನ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಆಮೇಲೆ ಲೇಸು ಕಟ್ಟಿ ಇಳಿಜಾರಿನಲ್ಲಿ ಇಳಿಯಿರಿ. ಕೆಲವು ಮಳಿಗೆಗಳಲ್ಲಿ ಇದಕ್ಕೆಂದೇ ಓರೆ ಹಲಗೆ ಇರುತ್ತದೆ. ಇಲ್ಲದಿದ್ದರೆ ಮೆಟ್ಟಿಲು ಇಳಿದು ನೋಡಿ, ನಾಲ್ಕು ಜನ ನೋಡಿದರೆ ನೋಡಲಿ. ಹೆಬ್ಬೆರಳು ತುದಿಗೆ ತಾಗಿದರೆ ಅದು ಬೇಡ. ಬೆಟ್ಟ ಇಳಿದು ಮುಗಿಯುವಷ್ಟರಲ್ಲಿ ಉಗುರು ಕಪ್ಪಾಗಿರುತ್ತದೆ. ವರ್ಷವಿಡೀ ಚಪ್ಪಲಿಯಲ್ಲಿರುವ ನಮ್ಮಂಥವರ ಪಾದದ ಮುಂಭಾಗ ಅಗಲ. ಉದ್ದ ಸರಿಯಿದ್ದರೂ ಪಕ್ಕದಲ್ಲಿ ಒತ್ತುತ್ತದೆಯೇ ಎಂದು ನೋಡಿಕೊಳ್ಳಿ. ಬಿಗಿ ಶೂ ಎಷ್ಟೇ ದಪ್ಪವಿರಲಿ, ರಕ್ತ ಬೆರಳಿಗೆ ಇಳಿಯದಿದ್ದರೆ ಬೆರಳು ತಣ್ಣಗಾಗಲೇಬೇಕು. ಚಳಿ ಎಂದು ಮೂರನೆಯ ಕಾಲುಚೀಲ ತುರುಕುವವರು ಚಳಿಯನ್ನು ಕೈಯಾರೆ ಕರೆಯುತ್ತಿರುತ್ತಾರೆ.

ಕಾಲುಚೀಲ ಹತ್ತಿಯದಾಗಿರಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒಳಗೆ ತೆಳುವಾದ ಸಿಂಥೆಟಿಕ್, ಹೊರಗೆ ಉಣ್ಣೆ, ಇಷ್ಟು ಸಾಕು. ಒಂದು ಜೊತೆ ಉಣ್ಣೆಯ ಕಾಲುಚೀಲವನ್ನು ಮಲಗುವುದಕ್ಕೆಂದೇ ಮೀಸಲಿಡಿ, ಅದರಲ್ಲಿ ನಡೆಯಬೇಡಿ.

ಇನ್ನು ಹಳೆಯ ಶೂ. ನಮ್ಮ ತಂಡದಲ್ಲಿ ಕರಾವಳಿಯ ಗೆಳೆಯರೊಬ್ಬರು ವರ್ಷಗಟ್ಟಲೆ ಕಪಾಟಿನಲ್ಲಿದ್ದ ದುಬಾರಿ ಶೂ ತಂದಿದ್ದರು. ನೋಡಲು ಹೊಸದರಂತೆಯೇ ಇತ್ತು. ಎರಡನೆಯ ದಿನ ಎಡಗಾಲಿನ ಅಡಿ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು. ಒಳಗಿನ ಮೆತ್ತೆ ರಸ್ಕಿನ ಹಾಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಗೈಡ್ ಟೇಪು ಸುತ್ತಿ, ಮೇಲೆ ಹಗ್ಗ ಬಿಗಿದು ಹೇಗೋ ನಡೆಸಿದರು. ಇದು ಅಂಟಿನ ದೋಷವಲ್ಲ. ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡಿದ ಮಧ್ಯದ ಪದರ ಗಾಳಿಯ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ, ಬಳಸದೆ ಇಟ್ಟರೂ ಸರಿ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಕೇಳುವುದೇ ಬೇಡ. ಎರವಲು ತರುವುದಿದ್ದರೆ ಅಡಿಯ ಪಕ್ಕವನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ, ಶೂವನ್ನು ಅರ್ಧಕ್ಕೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ವಾಪಸ್ ಕೊಡಿ. ಸ್ವಲ್ಪ ಟೇಪು ಎಲ್ಲರ ಬಳಿಯೂ ಇರಲಿ.

ಮುಳ್ಳಿನ ಸರಪಳಿ ಮತ್ತು ಹಿಮ ಶೂ ಒಳಗೆ ನುಗ್ಗದಂತೆ ತಡೆಯುವ ಗೇಟರ್ ಕೊಳ್ಳುವ ಅಗತ್ಯವಿಲ್ಲ. ಎರಡೂ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಬಹಳಷ್ಟು ತಂಡಗಳು ತಾವೇ ಕೊಡುತ್ತವೆ. ಸರಪಳಿಯನ್ನು ಅಲ್ಲಿ ಕ್ರಾಂಪಾನ್ ಎಂದೇ ಕರೆಯುತ್ತಾರೆ. ಸಾಂಕ್ರಿಯಲ್ಲೇ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿ, ಕತ್ತಲಲ್ಲಿ ಕೈಗವಸು ಹಾಕಿಕೊಂಡು ಅದನ್ನು ಬಿಡಿಸುವುದು ಸುಲಭವಲ್ಲ. ಶೂ ಕೂಡ ಬಾಡಿಗೆಗೆ ಸಿಗುತ್ತದೆ, ಆದರೆ ಡಿಸೆಂಬರ್ ಕೊನೆಯ ಜನಜಂಗುಳಿಯಲ್ಲಿ ನಿಮ್ಮ ಅಳತೆಯದು ಹಿಂದಿನವರ ಬೆವರಿನಲ್ಲೇ ಇನ್ನೂ ಒದ್ದೆಯಾಗಿರಬಹುದು.

ಹೊಸ ಶೂ ಹಾಕಿ ನೇರವಾಗಿ ಬೆಟ್ಟಕ್ಕೆ ಹೋಗಬೇಡಿ. ಎರಡು ಮೂರು ವಾರ ಮೊದಲೇ ಮನೆಯ ಮೆಟ್ಟಿಲು, ಉದ್ಯಾನವನ, ಒಂದು ಭಾನುವಾರ ಸ್ಕಂದಗಿರಿ ಎಂದು ಪಳಗಿಸಿಕೊಳ್ಳಿ. ಬೆಂಗಳೂರಿನ ಬಿಸಿಲಿಗೆ ಕಾಲು ಬೆಂದ ಹಾಗಾಗುತ್ತದೆ. ಗುಳ್ಳೆ ಏಳುವುದಿದ್ದರೆ ಇಲ್ಲೇ ಏಳಲಿ. ವಿಮಾನದಲ್ಲಿ ಹೋಗುವವರು ಶೂವನ್ನು ಕಾಲಿಗೇ ಹಾಕಿಕೊಳ್ಳಿ. ಲಗೇಜಿನ ತೂಕವೂ ಉಳಿಯುತ್ತದೆ, ಚೀಲ ತಪ್ಪಿಹೋದರೂ ಶೂ ತಪ್ಪುವುದಿಲ್ಲ.

ರಾತ್ರಿ ಶೂವನ್ನು ಡೇರೆಯ ಹೊರಗೆ ಬಿಟ್ಟರೆ ಬೆಳಿಗ್ಗೆ ಲೇಸು ಕಡ್ಡಿಯಂತೆ ಸೆಟೆದಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ, ಕಾಲ ಬುಡದಲ್ಲೇ ಇಟ್ಟುಕೊಳ್ಳಿ. ಒದ್ದೆಯಾಗಿದ್ದರೆ ಹಳೆಯ ಪತ್ರಿಕೆ ತುರುಕಿ, ಅದು ನೆನೆದಂತೆ ಬದಲಿಸಿ. ಬೆಂಕಿಯ ಹತ್ತಿರ ಒಣಗಿಸಿದರೆ ಅಂಟು ಬಿಡುತ್ತದೆ. ಕೊಳ್ಳುವ ಕೆಲಸವನ್ನು ಅಕ್ಟೋಬರ್, ನವೆಂಬರ್‌ನಲ್ಲೇ ಮುಗಿಸಿ. ಡಿಸೆಂಬರ್ ಹೊತ್ತಿಗೆ 8, 9ರ ಅಳತೆಯವು ಖಾಲಿಯಾಗಿ, ಉಳಿದದ್ದರಲ್ಲಿ ಕಾಲು ತೂರಿಸುವ ಗತಿ ಬರುತ್ತದೆ.