ಮನೆಯನ್ನೇ ಓಡಿಸಿಕೊಂಡು ಬ್ಯಾಡ್‌ಲ್ಯಾಂಡ್ಸ್ ದಾರಿಯಲ್ಲಿ ಒಂದು ದಿನ

ಅಮೆರಿಕದ ಸೌತ್ ಡಕೋಟಾದಲ್ಲಿ ಐ-90 ಹೆದ್ದಾರಿ ಹುಲ್ಲುಬಯಲನ್ನು ಸೀಳಿಕೊಂಡು ಪಶ್ಚಿಮಕ್ಕೆ ಸಾಗುತ್ತದೆ. ವೇಗದ ಮಿತಿ ಗಂಟೆಗೆ 80 ಮೈಲಿ. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಒಳಗೇ ಇರುವ 25 ಅಡಿಯ ಬಾಡಿಗೆ ಮೋಟಾರ್ ಹೋಮ್‌ಗೆ 60-65 ಸಾಕು. ಬಯಲಿನ ಅಡ್ಡಗಾಳಿ ಎತ್ತರದ ಗಾಡಿಯನ್ನು ಪಕ್ಕದ ಲೇನಿಗೆ ತಳ್ಳುತ್ತದೆ. ದೊಡ್ಡ ಟ್ರಕ್ಕು ದಾಟಿ ಹೋದಾಗ ಆ ಎಳೆತ ಇನ್ನೂ ಜೋರು. ಸ್ಟೀರಿಂಗ್ ಮೇಲೆ ಎರಡೂ ಕೈ ಇರಲೇಬೇಕು.

ಬೆಳಿಗ್ಗೆ ಚೇಂಬರ್ಲೇನ್ ಊರಿನಿಂದ ಹೊರಡುವುದು ಒಳ್ಳೆಯದು. ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಮಿಸ್ಸೌರಿ ನದಿಗೆ ಎದುರಾಗಿ 'ಡಿಗ್ನಿಟಿ' ಎಂಬ 50 ಅಡಿಯ ಉಕ್ಕಿನ ಹೆಣ್ಣು ನಿಂತಿದ್ದಾಳೆ, ಬೆನ್ನ ಹಿಂದೆ ನಕ್ಷತ್ರದ ಕೌದಿ ಹರಡಿಕೊಂಡು. 2016ರಲ್ಲಿ ನಿಲ್ಲಿಸಿದ್ದು. ಉದ್ದ ಗಾಡಿಗಳಿಗೆ ನಿಲುಗಡೆಯೂ ಅಲ್ಲೇ ಉಂಟು.

ಪೆಟ್ರೋಲು ಅರ್ಧಕ್ಕಿಳಿಯುವ ಮೊದಲೇ ತುಂಬಿಸಿ. ಗ್ಯಾಲನ್ನಿಗೆ 8-10 ಮೈಲಿ ಕೊಡುವ ಗಾಡಿ ಇದು. ಜನರೇಟರ್ ಎಳೆಯುವುದೂ ಅದೇ ಟ್ಯಾಂಕಿನಿಂದ. ಜನರೇಟರ್‌ನ ಕೊಳವೆ ಟ್ಯಾಂಕಿನ ತಳ ಮುಟ್ಟದಂತೆ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಕಾಲು ಟ್ಯಾಂಕು ಉಳಿದಾಗಲೇ ಜನರೇಟರ್ ನಿಲ್ಲುತ್ತದೆ.

ಬಂಕಿನಲ್ಲಿಯೇ ಹೊಸಬರು ಗಾಡಿ ಕೆಡಿಸಿಕೊಳ್ಳುವುದು ಹೆಚ್ಚು. ಹಿಂದಿನ ಚಕ್ರದಿಂದಾಚೆ ಎಂಟು-ಹತ್ತು ಅಡಿ ಬಾಲ ಚಾಚಿಕೊಂಡಿರುತ್ತದೆ. ಪಂಪ್ ಬಿಟ್ಟ ಕೂಡಲೇ ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸಿ, ಪಂಪಿನ ಕಾವಲಿಗೆ ನೆಟ್ಟ ಹಳದಿ ಕಂಬಕ್ಕೆ ಬಡಿಯುತ್ತದೆ. ಮುಂದೆ ನೋಡುತ್ತಿರುವ ಚಾಲಕನಿಗೆ ಅದು ಸದ್ದಾದ ಮೇಲೆಯೇ ತಿಳಿಯುವುದು. ಮೊದಲು ಹತ್ತು-ಹನ್ನೆರಡು ಅಡಿ ನೇರಕ್ಕೆ ಹೋಗಿ, ಕನ್ನಡಿಯಲ್ಲಿ ಬಾಲ ಕಂಬ ದಾಟಿದ್ದು ಕಂಡ ಮೇಲೆ ತಿರುಗಿಸಬೇಕು.

ಮರ್ಡೊ ಊರು ದಾಟಿದ ಮೇಲೆ ಕಾಲವಲಯ ಬದಲಾಗಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕೈಗೆ ಸಿಕ್ಕ ಆ ಗಂಟೆಯನ್ನು ಹೆದ್ದಾರಿಯಿಂದ ಹೊರಬೀಳುವ 131ನೇ ನಿರ್ಗಮನದಲ್ಲಿ (ಎಕ್ಸಿಟ್) ಕಳೆಯಿರಿ. ಒಂದು ಕಡೆ ಬಿಲದಲ್ಲಿ ಬಾಳುವ, ಅಳಿಲಿನ ಜಾತಿಯ ಪ್ರೇರಿ ಡಾಗ್‌ನ 12 ಅಡಿಯ ಕಾಂಕ್ರೀಟ್ ಮೂರ್ತಿ, ಇನ್ನೊಂದು ಕಡೆ ಮಿನಿಟ್‌ಮ್ಯಾನ್ ಎಂಬ ಅಣ್ವಸ್ತ್ರ ಕ್ಷಿಪಣಿಗಳ ರಾಷ್ಟ್ರೀಯ ಸ್ಮಾರಕದ ಕೇಂದ್ರ. 116ರಲ್ಲಿ ಇಳಿದರೆ ಕ್ಷಿಪಣಿಯನ್ನಿಡುವ ನೆಲದೊಳಗಿನ ಬಾವಿಯನ್ನೇ ಗಾಜಿನ ಮೂಲಕ ಬಗ್ಗಿ ನೋಡಬಹುದು. ಜಗತ್ತನ್ನು ಸುಡಬಲ್ಲ ಆಯುಧ ಇಷ್ಟು ಶಾಂತವಾದ ಹುಲ್ಲಿನ ಕೆಳಗಿತ್ತು ಎನ್ನುವುದನ್ನು ಓದಿ ತಿಳಿಯುವುದೇ ಬೇರೆ, ಅಲ್ಲಿ ನಿಂತು ತಿಳಿಯುವುದೇ ಬೇರೆ.

131ರಿಂದ ಒಳಹೋಗುವ 240ನೇ ರಸ್ತೆ, ಮಳೆಗಾಳಿಗೆ ಕೊರೆದುಹೋದ ಬೋಳುಗುಡ್ಡಗಳ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಮೂಲಕ ವಾಲ್ ಊರಿಗೆ ಮುಟ್ಟಿಸುತ್ತದೆ. ಪೂರ್ತಿ ಡಾಂಬರು, ಮೋಟಾರ್ ಹೋಮ್‌ಗೆ ತೊಂದರೆಯಿಲ್ಲ. ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇರದೆ ಗೇರ್ ಇಳಿಸಿ. ಪಿನ್ನಕಲ್ಸ್ ಎಂಬಲ್ಲಿ ಕವಲೊಡೆಯುವ ಸೇಜ್ ಕ್ರೀಕ್ ರಸ್ತೆ ಮಾತ್ರ ಜಲ್ಲಿಯದು. ಕಾಡೆಮ್ಮೆಗಳು (ಬೈಸನ್) ಅತ್ತ ಹೆಚ್ಚು ಕಾಣುವುದರಿಂದ ಆಸೆಯಾಗುತ್ತದೆ, ಆದರೆ ಅಲ್ಲಿನ ಶಿಬಿರಕ್ಕೆ 18 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ. ಮಳೆ ಬಿದ್ದರೆ ಇಲ್ಲಿನ ಜೇಡಿಮಣ್ಣು ಚಕ್ರಕ್ಕೆ ಅಂಟಿಕೊಂಡು ಗಾಡಿ ಕದಲುವುದಿಲ್ಲ.

ವಾಲ್ ಡ್ರಗ್ ಎಂಬ ಅಂಗಡಿಯ ಫಲಕಗಳು ಬೆಳಗ್ಗಿನಿಂದ ದಾರಿಯುದ್ದಕ್ಕೂ ಕರೆದಿರುತ್ತವೆ. 1931ರಲ್ಲಿ ಹಸ್ಟೆಡ್ ದಂಪತಿ ಕೊಂಡ ಔಷಧಿ ಅಂಗಡಿ. ಗಿರಾಕಿಗಳಿಲ್ಲದೆ ಸೊರಗಿ, 1936ರಲ್ಲಿ 'ಉಚಿತ ಐಸ್ ನೀರು' ಎಂದು ರಸ್ತೆಬದಿ ಬರೆಸಿದರು. ಸೆಖೆಯಲ್ಲಿ ಬಂದ ದಾರಿಹೋಕರು ನಿಂತರು. ಆ ನೀರು ಇಂದಿಗೂ ಉಚಿತ.

ರಾತ್ರಿಗೆ ಊರ ದಕ್ಷಿಣದ ಬಫೆಲೋ ಗ್ಯಾಪ್ ಹುಲ್ಲುಗಾವಲಿನ ಅಂಚಿನಲ್ಲಿ ದುಡ್ಡು ಕೊಡದೆ ನಿಲ್ಲಬಹುದು. ನಲ್ಲಿಯಿಲ್ಲ, ಕರೆಂಟಿಲ್ಲ, ನೀರು ತುಂಬಿಸಿಕೊಂಡು, ಕೊಳೆನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿಕೊಂಡೇ ಹೋಗಬೇಕು. ಶೌಚದ ಟ್ಯಾಂಕು ಮೊದಲು, ಪಾತ್ರೆ-ಸ್ನಾನದ ನೀರಿನದು ಆಮೇಲೆ; ಆಗ ಕೊಳವೆ ತಾನೇ ತೊಳೆದುಹೋಗುತ್ತದೆ. ಗಾಡಿಯ ಮೂತಿ ಗಾಳಿಗೆ ಎದುರಾಗಿರಲಿ. ಬಾಗಿಲ ಮೇಲಿನ ಮಡಚುವ ಚಪ್ಪರವನ್ನು ಮಲಗುವ ಮುನ್ನ ಸುತ್ತಿಡಿ. ನಡುರಾತ್ರಿ ಎದ್ದ ಗಾಳಿ ಅದರ ತೋಳುಗಳನ್ನು ಮುರಿದುಬಿಡುತ್ತದೆ.

ಬೆಳಕಿರುವಾಗಲೇ ಟೇಪು ಹಿಡಿದು ಗಾಡಿಯನ್ನು ಅಳೆಯಿರಿ: ಎತ್ತರ ಎಸಿಯ ನೆತ್ತಿವರೆಗೆ, ಅಗಲ ಕನ್ನಡಿ ಸೇರಿಸಿ. ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. ಫೋನಿನ ಮ್ಯಾಪ್ ಇದನ್ನು ಕಾರೆಂದೇ ತಿಳಿದು ದಾರಿ ತೋರಿಸುತ್ತದೆ. ಮರುದಿನದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ, ಈ ರಾಜ್ಯದ ಗವರ್ನರ್ ಆಗಿದ್ದ ಪೀಟರ್ ನಾರ್ಬೆಕ್ ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಗುರುತು ಹಾಕಿ, 1922ರಲ್ಲಿ ಮುಗಿದ ನೀಡಲ್ಸ್ ರಸ್ತೆ ಇದೆ. ಸೂಜಿಮೊನೆಯಂಥ ಬಂಡೆಗಳ ನಡುವೆ ಕೊರೆದ ಅದರ ಸುರಂಗದ ಅಗಲ ಸುಮಾರು 8 ಅಡಿ. ಕನ್ನಡಿ ಬಿಟ್ಟರೂ ನಿಮ್ಮ ಗಾಡಿಯ ಮೈ 8 ಅಡಿ 4 ಅಂಗುಲ. ಆಗುಂಬೆಯ ತಿರುವುಗಳಲ್ಲಿ ಪಳಗಿದ ಕೈಯೂ ಇಲ್ಲಿ ಏನೂ ಮಾಡಲಾರದು. ಮನೆಯನ್ನು ಶಿಬಿರದಲ್ಲಿ ಬಿಟ್ಟು, ಕಾರಿನಲ್ಲಿ, ಕನ್ನಡಿ ಮಡಚಿಕೊಂಡು ಹೋಗಿ.