ಬುಸಾನ್‌ನಲ್ಲಿ ಒಂದು ಸೆಮಿಸ್ಟರ್: ಎಕ್ಸ್‌ಚೇಂಜ್‌ಗೆ ಕೊರಿಯಾಕ್ಕೆ ಹೊರಟವರಿಗೆ

ನಾನು ದಾವಣಗೆರೆಯವಳು, ಓದಿದ್ದು ಬೆಂಗಳೂರಿನಲ್ಲಿ. 2024ರ ಫೆಬ್ರವರಿ ಕೊನೆಗೆ ದಕ್ಷಿಣ ಕೊರಿಯಾದ ಬುಸಾನ್‌ಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋಗಿ ಜೂನ್ ಕೊನೆಗೆ ವಾಪಸ್ ಬಂದೆ. ಅಲ್ಲಿಂದೀಚೆಗೆ ಜೂನಿಯರ್‌ಗಳು ಕೇಳೋದು ಮುಖ್ಯವಾಗಿ ಎರಡೇ ಪ್ರಶ್ನೆ. ಕೊರಿಯನ್ ಬರದೆ ಹೋದರೆ ನಡೆಯುತ್ತಾ? ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಎರಡಕ್ಕೂ ಉತ್ತರ ಹೇಳ್ತೀನಿ. ಆದರೆ ಅದಕ್ಕಿಂತ ಮೊದಲು ಯಾರೂ ಕೇಳದ ಒಂದು ವಿಷಯ ಇದೆ. ನಿಮ್ಮ ಹೆಸರು.

ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ, ಇಲ್ಲಾಂದ್ರೆ ಊರು, ಅಪ್ಪನ ಹೆಸರು, ನಮ್ಮ ಹೆಸರು ಎಲ್ಲಾ ಒಂದೇ ಸಾಲಿನಲ್ಲಿ ಇರುತ್ತೆ. ನನ್ನದೂ ಹಾಗೇ. ಕೊರಿಯಾದಲ್ಲಿ ಆನ್‌ಲೈನ್‌ನಲ್ಲಿ ಏನೇ ಮಾಡಬೇಕಾದರೂ, ಊಟ ತರಿಸೋದಿರಲಿ, ಸಾಮಾನು ತರಿಸೋದಿರಲಿ, ನೀವು ನೀವೇ ಅಂತ ಮೊಬೈಲ್ ನಂಬರ್ ಮೂಲಕ ತೋರಿಸಬೇಕು. ಆ ನಂಬರ್ ಯಾವ ಹೆಸರಿನಲ್ಲಿದೆ ಅನ್ನೋದು ರೆಸಿಡೆನ್ಸ್ ಕಾರ್ಡ್‌ಗೂ (ಅಲ್ಲಿ ವಿದೇಶಿಯರಿಗೆ ಕೊಡೋ ಗುರುತಿನ ಚೀಟಿ) ಬ್ಯಾಂಕ್ ಖಾತೆಗೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಾನು ಸಿಮ್ ತಗೊಂಡ ಅಂಗಡಿಯವರು ನನ್ನ ಹೆಸರಿನ ಎರಡು ಪದ ಸೇರಿಸಿ ಒಂದೇ ಪದವಾಗಿ ಹಾಕಿದ್ದರು, ಬ್ಯಾಂಕ್‌ನವರು ಮಧ್ಯೆ ಜಾಗ ಬಿಟ್ಟಿದ್ದರು. ಆ ಒಂದು ಖಾಲಿ ಜಾಗದಿಂದ ಮೂರು ವಾರ ಯಾವ ಆ್ಯಪ್‌ನಲ್ಲೂ ನನ್ನ ಕಾರ್ಡ್ ನಡೀಲಿಲ್ಲ. ಹಾಗಾಗಿ ಮೊದಲು ರೆಸಿಡೆನ್ಸ್ ಕಾರ್ಡ್ ಬರಲಿ. ಅದರಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಅದನ್ನೇ ಅಂಗಡಿಯಲ್ಲೂ ಬ್ಯಾಂಕ್‌ನಲ್ಲೂ ತೋರಿಸಿ, ಇದೇ ಥರ, ಇಷ್ಟೇ ಜಾಗ ಬಿಟ್ಟು ಹಾಕಿ ಅಂತ ಎದುರಿಗೇ ನಿಂತು ಬರೆಸಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ಮೇಲೆ ಸಿಗೋ ಪ್ರೀಪೇಯ್ಡ್ ಸಿಮ್ ಸಾಕು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಎಕ್ಸ್‌ಚೇಂಜ್‌ಗೆ ಸಿಗೋದು ಡಿ-2-6 ವೀಸಾ. ಕರ್ನಾಟಕ ಚೆನ್ನೈನ ಕೊರಿಯಾ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತೆ. ಕೊರಿಯಾದ ಯೂನಿವರ್ಸಿಟಿಯಿಂದ ಪ್ರವೇಶ ಪತ್ರ ಬರೋವರೆಗೆ ಅರ್ಜಿ ಹಾಕೋ ಹಾಗಿಲ್ಲ. ಆದರೆ ಅದಕ್ಕೆ ಕಾಯುತ್ತಾ ಕೂರಬೇಡಿ, ಬ್ಯಾಂಕ್ ದಾಖಲೆ ಮತ್ತು ಕ್ಷಯದ ಪರೀಕ್ಷೆ ತಯಾರಿ ಮಾಡ್ಕೊಳ್ಳಿ. ಭಾರತದವರಿಗೆ ಕ್ಷಯ ಇಲ್ಲ ಅನ್ನೋ ಪ್ರಮಾಣಪತ್ರ ಬೇಕೇ ಬೇಕು, ಅದೂ ಕಾನ್ಸುಲೇಟ್‌ನವರು ಗುರುತಿಸಿದ ಆಸ್ಪತ್ರೆಯಿಂದಲೇ. ಹಾಸ್ಟೆಲ್‌ನವರೂ ಅದನ್ನೇ ಕೇಳ್ತಾರೆ, ಒಂದು ಪ್ರತಿ ಜಾಸ್ತಿ ಇಟ್ಕೊಳ್ಳಿ. ಅಲ್ಲಿಗೆ ಹೋದ ಮೇಲೆ 90 ದಿನದೊಳಗೆ ರೆಸಿಡೆನ್ಸ್ ಕಾರ್ಡ್‌ಗೆ ಅರ್ಜಿ ಹಾಕಬೇಕು. ಇಮಿಗ್ರೇಶನ್ ಕಚೇರಿಯ ಸಮಯ ಆನ್‌ಲೈನ್‌ನಲ್ಲಿ ಕಾದಿರಿಸಬೇಕು, ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳೋದರಿಂದ ತಾರೀಖು ಬೇಗ ತುಂಬಿಹೋಗುತ್ತೆ. ಇಳಿದ ವಾರವೇ ಕಾದಿರಿಸಿ. ಆರೋಗ್ಯ ವಿಮೆ 2021ರಿಂದ ವಿದೇಶಿ ವಿದ್ಯಾರ್ಥಿಗಳಿಗೆ ಕಡ್ಡಾಯ. ನಾನಿದ್ದಾಗ ತಿಂಗಳಿಗೆ 76 ಸಾವಿರ ವಾನ್ ಕಟ್ಟಬೇಕಿತ್ತು. 1,000 ವಾನ್ ಅಂದರೆ ಆಗ ಸುಮಾರು 60 ರೂಪಾಯಿ, ಲೆಕ್ಕ ಹಾಕಿ. ಟ್ಯೂಷನ್ ಫೀಸು ಇಲ್ಲೇ ನಮ್ಮ ಕಾಲೇಜಿಗೆ ಕಟ್ಟಿದ್ದರಿಂದ ಅಲ್ಲಿ ಕಟ್ಟೋದಿರಲಿಲ್ಲ, ಆದರೆ ಈ ವಿಮೆಯ ದುಡ್ಡನ್ನು ಬಜೆಟ್‌ನಲ್ಲಿ ಸೇರಿಸೋಕೆ ಬಹಳ ಜನ ಮರೀತಾರೆ.

ಕೋರ್ಸ್ ಆಯ್ಕೆ ಬಗ್ಗೆ ಒಂದು ಮಾತು. ಅಲ್ಲಿ ಅದನ್ನು ಸುಗಾಂಗ್ ಶಿನ್‌ಚೊಂಗ್ ಅಂತಾರೆ. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತೆ, ಬೇಡಿಕೆ ಇರೋ ಕೋರ್ಸ್‌ಗಳು ಕಣ್ಣು ಮಿಟುಕಿಸೋದರಲ್ಲಿ ಮುಗಿದುಹೋಗುತ್ತೆ. ವೇಗದ ಇಂಟರ್‌ನೆಟ್ ಬೇಕು ಅಂತ ಕೊರಿಯನ್ ಹುಡುಗರು ಅವತ್ತು ಗೇಮಿಂಗ್ ಸೆಂಟರ್‌ಗೆ ಹೋಗಿ ಕೂರ್ತಾರೆ. ಇಂಗ್ಲಿಷ್‌ನಲ್ಲಿ ಪಾಠ ಮಾಡೋ ಕೋರ್ಸ್‌ಗಳು ಕಮ್ಮಿ, ಅವಕ್ಕೆ ಎಲ್ಲಾ ಎಕ್ಸ್‌ಚೇಂಜ್‌ನವರೂ ಬೀಳ್ತಾರೆ. ಹಾಗಾಗಿ ಬೆಂಗಳೂರು ಬಿಡೋ ಮುಂಚೆ ಕ್ರೆಡಿಟ್ ಹೊಂದಾಣಿಕೆಗೆ ನಿಮ್ಮ ಎಚ್‌ಒಡಿ ಸಹಿ ಹಾಕಿಸುವಾಗ ಬೇಕಾದ ಐದು ಕೋರ್ಸ್ ಮಾತ್ರ ಬರೆಯಬೇಡಿ, ಬದಲಿಗೆ ಇರಲಿ ಅಂತ ಇನ್ನೂ ನಾಲ್ಕು ಸೇರಿಸಿ. ನನಗೆ ಬೇಕಾದ ಐದರಲ್ಲಿ ಮೂರೇ ಸಿಕ್ಕಿದ್ದು. ಬದಲಿ ಪಟ್ಟಿಗೆ ಮೊದಲೇ ಸಹಿ ಇದ್ದಿದ್ದರಿಂದ ಒಂದು ಸೆಮಿಸ್ಟರ್ ಉಳೀತು.

ಈಗ ಭಾಷೆ. ಇದರ ಬಗ್ಗೆ ನನಗೆ ಹೇಳೋಕೆ ಬಹಳ ಇದೆ.

ಕ್ಲಾಸ್ ಇಂಗ್ಲಿಷ್‌ನಲ್ಲಿ ನಡೆದರೂ ಗೇಟು ದಾಟಿದ ಮೇಲೆ ಇಂಗ್ಲಿಷ್ ಕೆಲಸಕ್ಕೆ ಬರಲ್ಲ, ಅದರಲ್ಲೂ ಬುಸಾನ್‌ನಲ್ಲಿ ರಾಜಧಾನಿ ಸೋಲ್‌ಗಿಂತ ಕಮ್ಮಿ. ಹೊರಡೋ ಮುಂಚೆ ಹಂಗುಲ್ ಲಿಪಿ ಕಲೀರಿ. 14 ವ್ಯಂಜನ, 10 ಸ್ವರ, ಅಷ್ಟೇ. ಸೇಜೊಂಗ್ ದೊರೆ 1446ರಲ್ಲಿ ಸಾಮಾನ್ಯ ಜನ ಓದಲಿ ಅಂತಲೇ ಹೊರತಂದ ಲಿಪಿ ಅದು. ವ್ಯಂಜನ ಬರೆದು, ಪಕ್ಕಕ್ಕೋ ಕೆಳಗೋ ಸ್ವರ ಇಟ್ಟು, ಅದರ ಬುಡದಲ್ಲಿ ಇನ್ನೊಂದು ವ್ಯಂಜನ ಕೂರಿಸಿ ಒಂದು ಅಕ್ಷರ ಮಾಡ್ತಾರೆ. ಒತ್ತಕ್ಷರ ನೋಡಿ ಬೆಳೆದ ಕಣ್ಣಿಗೆ ಇದು ಹೊಸದಲ್ಲ. ನಾನು ನಾಲ್ಕು ಸಂಜೆಯಲ್ಲಿ ಓದೋದು ಕಲಿತೆ.

ಆದರೆ ದಯವಿಟ್ಟು ಇಂಗ್ಲಿಷ್ ಮೂಲಕ ಕಲಿಯಬೇಡಿ. ನನ್ನ ರೂಮ್‌ಮೇಟ್ ಜರ್ಮನಿಯವಳು, ಕ್ರಿಯಾಪದ ವಾಕ್ಯದ ಕೊನೆಗೇ ಯಾಕೆ ಬರುತ್ತೆ, ನಾನು ಅನ್ನೋ ಪದ ಯಾಕೆ ಬಿಟ್ಟುಬಿಡ್ತಾರೆ ಅಂತ ತಿಂಗಳುಗಟ್ಟಲೆ ಒದ್ದಾಡಿದಳು. ನಾವು ದಿನಾ ಮಾತಾಡೋದೇ ಹಾಗೆ, ಅಲ್ವಾ? ಹಕ್ಕ್ಯೊ ಅಂದರೆ ಶಾಲೆ, ಹಕ್ಕ್ಯೊಎ ಅಂದರೆ ಶಾಲೆಗೆ, ಹಕ್ಕ್ಯೊಎ ಕಾಯೊ ಅಂದರೆ ಶಾಲೆಗೆ ಹೋಗ್ತೀನಿ. ವಿಭಕ್ತಿ ಅಂಟೋದು ನಮ್ಮ ಥರಾನೇ, ಪದದ ಕೊನೆಗೆ. ಅಮ್ಮನಿಗೆ ಒಮ್ಮಾ, ಅಪ್ಪನಿಗೆ ಅಪ್ಪಾ. ಎದುರಿಗೆ ಸಿಕ್ಕಾಗ ಪಾಪ್ ಮೊಗೊಸ್ಸೊಯೊ ಅಂತಾರೆ, ಊಟ ಆಯ್ತಾ ಅಂತ ಅರ್ಥ. ಮಿಂಚೋದಕ್ಕೆ ನಾವು ಪಳಪಳ ಅಂದರೆ ಅವರು ಪಂಚಕ್‌ಪಂಚಕ್ ಅಂತಾರೆ. ಮೂರು ಥರದ ಕ, ಮೂರು ಥರದ ಪ ಇರೋದು ಮೊದಮೊದಲು ಕಷ್ಟ ಅನ್ನಿಸುತ್ತೆ. ಆದರೆ ಒಂದು ಸಾದಾ ಉಚ್ಚಾರ, ಒಂದು ಮಹಾಪ್ರಾಣದ ಹಾಗೆ ಉಸಿರು ಬಿಟ್ಟು, ಇನ್ನೊಂದು ಅಕ್ಕ ಅನ್ನುವಾಗಿನ ಕ್ಕ ಥರ ಬಿಗಿದು. ಉಸಿರು ಬಿಟ್ಟು ಪುಲ್ ಅಂದರೆ ಹುಲ್ಲು. ಹಳಗನ್ನಡದಲ್ಲೂ ಹುಲ್ಲಿಗೆ ಪುಲ್ ಅಂತಲೇ ಇತ್ತು! ಎರಡು ಭಾಷೆಗೂ ನಂಟಿದೆ ಅಂತ ನಾನು ಹೇಳ್ತಿಲ್ಲ, ಅದು ಸಾಬೀತಾಗಿಲ್ಲ. ಕಲಿಯೋಕೆ ಸುಲಭ ಆಗುತ್ತೆ, ಅದಕ್ಕೆ ಹೇಳ್ತಿರೋದು.

ನನಗೆ ಇದು ಮನಸ್ಸಿಗೆ ನಾಟಿದ್ದು ನಾಂಪೊ-ದೊಂಗ್ ಬೀದಿಯಲ್ಲಿ. ಅಲ್ಲಿ ಹೊತ್ತೊಕ್ ಮಾರ್ತಾರೆ, ಬೆಲ್ಲದಂಥ ಕಂದು ಸಕ್ಕರೆ ತುಂಬಿ ಕಾವಲಿ ಮೇಲೆ ಕರಿಯೋ ದಪ್ಪ ರೊಟ್ಟಿ. ಒಬ್ಬ ಅಜ್ಜಿ ಅದನ್ನು ಇಕ್ಕಳದಲ್ಲಿ ಎತ್ತಿ, ಅಂಚನ್ನು ಕತ್ತರಿಯಿಂದ ಸೀಳಿ, ಒಳಗೆ ಒಂದು ಚಮಚ ಸೂರ್ಯಕಾಂತಿ, ಕುಂಬಳ ಬೀಜ ಸುರಿದು ಪೇಪರ್ ಕಪ್‌ನಲ್ಲಿ ಇಟ್ಟು ಕೊಟ್ಟರು. ಬಿಸಿ ಪಾಕ ಕಪ್ಪಿನ ಅಂಚಿಗೆ ಇಳೀತಿತ್ತು. ನಾನು ಹಾಗೇ ಹಿಡಿದು ನಿಂತಿದ್ದೆ. ಅಜ್ಜಿ ಮೊಗೊ ಬ್ವಾ ಅಂದರು. ಮೊಗೊ ಅಂದರೆ ತಿಂದು, ಬ್ವಾ ಅಂದರೆ ನೋಡು. ತಿಂದು ನೋಡು! ನಮ್ಮಜ್ಜಿ ಹೋಳಿಗೆ ಕೊಟ್ಟು ಹೇಳೋ ಮಾತೇ ಇದು. ಅವತ್ತಿಂದ ನಾನು ಕೊರಿಯನ್ ವಾಕ್ಯವನ್ನು ಕನ್ನಡದಿಂದಲೇ ಕಟ್ಟೋಕೆ ಶುರು ಮಾಡಿದೆ, ಜೂನ್ ಹೊತ್ತಿಗೆ ಬಸ್ಸು, ಅಂಗಡಿ, ಕ್ಲಿನಿಕ್ ಎಲ್ಲಾ ಕಡೆ ಒಬ್ಬಳೇ ನಿಭಾಯಿಸ್ತಿದ್ದೆ.

ವಯಸ್ಸಿಗೆ ಕೊಡೋ ಮರ್ಯಾದೆಯೂ ನಮ್ಮ ಹಾಗೇ. ಒಂದು ವರ್ಷ ದೊಡ್ಡವಳಾದರೂ ಹೆಸರು ಹಿಡಿದು ಕರೆಯಲ್ಲ, ಹುಡುಗಿಯರು ಅಕ್ಕನಿಗೆ ಒನ್ನಿ ಅಂತಾರೆ, ಹುಡುಗರು ನೂನಾ ಅಂತಾರೆ. ಪರಿಚಯ ಆದ ಕೂಡಲೇ ಎಷ್ಟನೇ ಇಸವಿಯಲ್ಲಿ ಹುಟ್ಟಿದ್ದು ಅಂತ ಕೇಳಿದರೆ ಬೇಜಾರು ಮಾಡ್ಕೋಬೇಡಿ, ನಿಮ್ಮನ್ನು ಏನಂತ ಕರೀಬೇಕು ಅಂತ ಕೇಳ್ತಿದ್ದಾರೆ ಅಷ್ಟೇ. ದುಡ್ಡು, ಕಾಗದ ಏನೇ ಕೊಡುವಾಗಲೂ ಎರಡು ಕೈಯಲ್ಲಿ ಕೊಡಿ.

ಊಟ. ನಾನು ಸಸ್ಯಾಹಾರಿ, ಕಷ್ಟ ಆಯ್ತು, ಸುಳ್ಳು ಹೇಳಲ್ಲ. ಎಲೆಕೋಸಿನ ಉಪ್ಪಿನಕಾಯಿ ಥರದ ಕಿಮ್ಚಿಯಲ್ಲೇ ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪು ಹಾಕಿದ ಸೀಗಡಿ ಇರುತ್ತೆ. ಸಾರಿನ ಬುಡಕ್ಕೆ ಒಣ ಮೀನು, ಅದಕ್ಕೆ ಮ್ಯೊಲ್ಚಿ ಅಂತಾರೆ. ತೊಕ್ಪೊಕ್ಕಿ ಅನ್ನೋ ಖಾರದ ಅಕ್ಕಿ ಕಡುಬಿನಲ್ಲಿ ಚಪ್ಪಟೆಯಾಗಿ ಕಾಣೋ ತುಂಡು ಓಮುಕ್, ಅದೂ ಮೀನೇ, ಬುಸಾನ್ ಅದಕ್ಕೇ ಹೆಸರುವಾಸಿ. ಗೋಗಿ ಅಂದರೆ ಮಾಂಸ, ಆದರೆ ಗೋಗಿ ಬೇಡ ಅಂತ ಮಾತ್ರ ಹೇಳಿದರೆ ಮೀನು, ಹ್ಯಾಮ್ ಹಾಕಿ ಕೊಡ್ತಾರೆ. ಹಾಗಾಗಿ ಒಂದೊಂದೇ ಹೆಸರು ಹೇಳಿ ಕೊನೆಗೆ ಪೇಗೊ ಚುಸೆಯೊ ಅನ್ನಿ, ತೆಗೆದು ಕೊಡಿ ಅಂತ ಅರ್ಥ. ಬಿಬಿಮ್‌ಬಾಪ್ (ತರಕಾರಿ ಹಾಕಿ ಕಲಸೋ ಅನ್ನ), ಕಿಂಬಾಪ್ (ಕಡಲಪಾಚಿಯಲ್ಲಿ ಸುತ್ತಿದ ಅನ್ನ) ಎರಡೂ ಹೀಗೆ ಹೇಳಿಸಿಕೊಂಡು ತಿನ್ನಬಹುದು. ಮಾಂಸ ತಿನ್ನೋರಿಗೆ ತೊಂದರೆ ಇಲ್ಲ, ಕೋಳಿಗೆ ತಾಕ್, ಹಂದಿಗೆ ತ್ವೇಜಿ, ದನದ್ದಕ್ಕೆ ಸೋಗೋಗಿ ಅಂತ ನೆನಪಿಟ್ಕೊಂಡರೆ ಸಾಕು.

ನನ್ನನ್ನು ಉಳಿಸಿದ್ದು ಗಿಮ್‌ಹೆ. ಬುಸಾನ್‌ನ ಸಾಸಾಂಗ್‌ನಿಂದ ಲೈಟ್ ರೈಲು ಹತ್ತಿದರೆ ಪಕ್ಕದ ಊರು. ಅಲ್ಲಿನ ದೊಂಗ್‌ಸಾಂಗ್-ದೊಂಗ್ ಮಾರುಕಟ್ಟೆ ಸುತ್ತ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೆಲಸಗಾರರು ಜಾಸ್ತಿ, ಹಾಗಾಗಿ ಬೇಳೆ, ಜೀರಿಗೆ, ಬಾಸ್ಮತಿ ಎಲ್ಲಾ ಸಿಗುತ್ತೆ. ಎರಡು ವಾರಕ್ಕೊಮ್ಮೆ ಹೋಗಿ ಬರ್ತಿದ್ದೆ. ಅದೇ ಊರಿನಲ್ಲಿ ಹೊ ಹ್ವಾಂಗ್-ಒಕ್ ರಾಣಿಯ ಸಮಾಧಿ ಇದೆ. ಅವಳು ಕ್ರಿ.ಶ. 48ರಲ್ಲಿ ಅಯುತ ಅನ್ನೋ ದೇಶದಿಂದ ಹಡಗಿನಲ್ಲಿ ಬಂದಳು ಅಂತ 13ನೇ ಶತಮಾನದ ಸಾಮ್‌ಗುಕ್ ಯುಸಾ ಅನ್ನೋ ಗ್ರಂಥ ಹೇಳುತ್ತೆ, ಅದು ಅಯೋಧ್ಯೆ ಅಂತ ಬಹಳ ಜನ ನಂಬ್ತಾರೆ. ಭಾರತದವಳು ಅಂದ ಕೂಡಲೇ ಅಂಗಡಿಯವರೊಬ್ಬರು ಕೈ ಹಿಡಿದು ನಮ್ಮ ರಾಣಿ ಊರಿನವಳು ಅಂದರು. ನನಗೆ ಕಣ್ಣು ತುಂಬಿತು.

ಊರಿಂದ ಒಯ್ಯೋದು: ಸಾರಿನ ಪುಡಿ, ಚಟ್ನಿ ಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ. ಹಸಿ ಕರಿಬೇವು, ಹಣ್ಣು ಬೇಡ, ವಿಮಾನ ನಿಲ್ದಾಣದಲ್ಲಿ ಗಿಡ, ಸೊಪ್ಪಿನ ತಪಾಸಣೆ ಗಟ್ಟಿ. ಹಾಸ್ಟೆಲ್ ರೂಮ್‌ನಲ್ಲಿ ಅಡುಗೆ ಮಾಡೋ ಹಾಗಿಲ್ಲ ಅಂತ ಇರಬಹುದು, ಅಡುಗೆಮನೆ ಇದೆಯಾ ಅಂತ ಮೊದಲೇ ಮೇಲ್ ಹಾಕಿ ಕೇಳಿ. ಹಾಸಿಗೆ ಹೊದಿಕೆ ಕೊಡ್ತಾರಾ ಅಂತಲೂ ಕೇಳಿ, ಬಹಳ ಕಡೆ ಕೊಡಲ್ಲ. ಫೆಬ್ರವರಿ ರಾತ್ರಿ ಬುಸಾನ್ ಸೊನ್ನೆ ಡಿಗ್ರಿ ಹತ್ತಿರ ಇರುತ್ತೆ, ಸಮುದ್ರದ ಗಾಳಿ ಬೇರೆ. ನಮ್ಮ ಮೂರು ಪಿನ್ ಪ್ಲಗ್ ಅಲ್ಲಿ ಹಿಡಿಯಲ್ಲ. ದಾರಿ ಹುಡುಕೋಕೆ ಗೂಗಲ್ ಮ್ಯಾಪ್ ನಂಬಬೇಡಿ, ನಾನಿದ್ದಾಗ ನಡೆಯೋ ದಾರಿ ತೋರಿಸ್ತಾನೇ ಇರಲಿಲ್ಲ. ನೇವರ್ ಮ್ಯಾಪ್ ಹಾಕ್ಕೊಳ್ಳಿ, ಜೊತೆಗೆ ಮೆಸೇಜ್‌ಗೆ ಕಾಕಾವೋಟಾಕ್. ಕಸ ಬೇರ್ಪಡಿಸೋದು ಕಡ್ಡಾಯ, ಊಟದ ಕಸ ಬೇರೆ, ಪ್ಲಾಸ್ಟಿಕ್ ಬೇರೆ, ಉಳಿದದ್ದಕ್ಕೆ ದುಡ್ಡು ಕೊಟ್ಟು ಕೊಳ್ಳೋ ಚೀಲ.

ಚೆರಿ ಹೂ ನೋಡಬೇಕು ಅಂದರೆ ಮಾರ್ಚ್ ಕೊನೆಗೇ ಒನ್‌ಚೊನ್ ತೊರೆ ಪಕ್ಕ ಓಡಾಡಿ ಮುಗಿಸಿ. ಹೂ ಉದುರಿ ಸ್ವಲ್ಪ ದಿನಕ್ಕೆ ಮಿಡ್‌ಟರ್ಮ್ ಬರುತ್ತೆ. ಮನಸ್ಸು ಭಾರ ಆದ ದಿನ ಒಂದನೇ ಲೈನ್ ಮೆಟ್ರೋದಲ್ಲಿ ಬೊಮೊಸಾ ದೇವಾಲಯಕ್ಕೆ ಹೋಗ್ತಿದ್ದೆ. 678ರಲ್ಲಿ ಸ್ಥಾಪನೆಯಾದ ಬೌದ್ಧ ದೇವಾಲಯ, ಬೆಟ್ಟದ ಮೇಲೆ, ಸುತ್ತ ಕಾಡು. ಬಾಳೆಹೊನ್ನೂರು ಕಡೆಯ ಮಳೆಗಾಲ ನೆನಪಾಗ್ತಿತ್ತು.

ವಾಪಸ್ ಬರುವಾಗ ಬ್ಯಾಂಕ್ ಖಾತೆ ಮುಚ್ಚಿಸಿ, ವಿಮೆ ಬಾಕಿ ಕಟ್ಟಿ, ರೆಸಿಡೆನ್ಸ್ ಕಾರ್ಡ್ ವಿಮಾನ ನಿಲ್ದಾಣದ ಇಮಿಗ್ರೇಶನ್‌ನಲ್ಲಿ ಕೊಟ್ಟು ಬನ್ನಿ. ಅಂಕಪಟ್ಟಿ ಸೆಮಿಸ್ಟರ್ ಮುಗಿದು ಕೆಲವು ವಾರ ಆದ ಮೇಲೆ ಬರುತ್ತೆ, ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ನೋಂದಣಿ ಶುರುವಾಗಿರುತ್ತೆ. ತಡ ಆಗುತ್ತೆ ಅಂತ ಇಲ್ಲಿಂದ ಹೊರಡೋ ಮುಂಚೆಯೇ ನಿಮ್ಮ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಪತ್ರ ಕೊಟ್ಟು, ಸೀಲ್ ಹಾಕಿಸಿದ ಪ್ರತಿ ಮನೆಯಲ್ಲಿ ಇಟ್ಟು ಹೋಗಿ.